ಮಣ್ಣಲ್ಲ, ಕಬ್ಬಿಣ: ಗಾಲಿಯ ಮೇಲಿನ ಕಪ್ಪು ತೊಳೆಯುವ ಬಗ್ಗೆ

ಕಾರು ತೊಳೆದು ಮೂರು ದಿನ ಆಗಿರುತ್ತದೆ. ಬಾನೆಟ್ಟು, ಬಾಗಿಲು, ಗಾಜು ಎಲ್ಲ ಇನ್ನೂ ಹೊಳೆಯುತ್ತಿರುತ್ತವೆ. ಮಳೆ ಬಂದಿಲ್ಲ, ಕೆಸರಿಗೆ ಇಳಿಸಿಲ್ಲ. ಆದರೂ ಮುಂದಿನ ಎರಡು ಗಾಲಿಗಳ ಮೇಲೆ ಕಂದುಗಪ್ಪಿನ ಒಂದು ಪೊರೆ ಕೂತುಬಿಟ್ಟಿರುತ್ತದೆ. ಹಿಂದಿನವು ಅಷ್ಟು ಕೊಳೆಯಾಗಿರುವುದಿಲ್ಲ. ರಸ್ತೆಯ ಧೂಳೇ ಆಗಿದ್ದರೆ ನಾಲ್ಕಕ್ಕೂ ಒಂದೇ ಸಮ ಹತ್ತಬೇಕಿತ್ತಲ್ಲ? ಈ ಪ್ರಶ್ನೆ ಕೇಳಿಕೊಳ್ಳದೆ ಬ್ರಷ್ ಹಿಡಿದು ತಿಕ್ಕಲು ಕೂರುವವರೇ ಹೆಚ್ಚು. ಹೋಗದಿದ್ದರೆ ಇನ್ನೂ ಒರಟು ಬ್ರಷ್, ಅದಕ್ಕೂ ಬಗ್ಗದಿದ್ದರೆ ಮನೆಯಲ್ಲಿರುವ ಯಾವುದೋ ಆಸಿಡ್. ವರ್ಷ ಕಳೆಯುವುದರೊಳಗೆ ಗಾಲಿ ಮಂಕಾಗಿ, ಅಲ್ಲಲ್ಲಿ ಬೆಳ್ಳಗೆ ಕಲೆಗಟ್ಟಿ, ಮೊದಲಿನ ಹೊಳಪಿಗೆ ಎಂದೂ ಮರಳದಂತಾಗಿರುತ್ತದೆ. ಕೊಳೆಯೇ ಗಾಲಿಯನ್ನು ಹಾಳುಮಾಡಿತು ಎಂದು ಜನ ಹೇಳುತ್ತಾರೆ. ಹಾಗೆ ಹಾಳಾದ ಗಾಲಿಗಳನ್ನು ಹತ್ತಿರದಿಂದ ನೋಡಿದರೆ ಬಹುಪಾಲು ಕೆಟ್ಟಿರುವುದು ತೊಳೆದ ರೀತಿಯಿಂದ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಒಣಗಿದ ಗಾಲಿಯಿಂದ ಚಿಟಿಕೆ ಕಪ್ಪು ಪುಡಿಯನ್ನು ಬಿಳಿ ಕಾಗದದ ಮೇಲೆ ಉದುರಿಸಿಕೊಂಡು, ಕಾಗದದ ಅಡಿಯಲ್ಲಿ ಅಯಸ್ಕಾಂತ ಆಡಿಸಿ. ಪುಡಿಯ ದೊಡ್ಡ ಪಾಲು ಅಯಸ್ಕಾಂತ ಹೋದ ಕಡೆಗೇ ಸರಿಯುತ್ತದೆ. ಅದು ಕಬ್ಬಿಣ. ಮಣ್ಣನ್ನು ತೊಳೆಯುವ ಹಾಗೆ ಕಬ್ಬಿಣವನ್ನು ತೊಳೆಯಲು ಹೋದಾಗಲೇ ಎಲ್ಲ ಎಡವಟ್ಟು ಶುರುವಾಗುವುದು.

ಪುಡಿ ಬರುವುದು ಎಲ್ಲಿಂದ

ಬ್ರೇಕ್ ಒತ್ತಿದಾಗ, ಗಾಲಿಯ ಜೊತೆಗೇ ತಿರುಗುವ ತಟ್ಟೆಯಾದ ಡಿಸ್ಕನ್ನು ಕ್ಯಾಲಿಪರ್ ಎಂಬ ಹಿಡಿಕೆಯ ಒಳಗಿನ ಪ್ಯಾಡುಗಳು ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತವೆ. ಪ್ಯಾಡ್ ಎಂದರೆ ಉಕ್ಕಿನ ನಾರು, ಗ್ರಾಫೈಟು, ಬೇರಿಯಂ ಸಲ್ಫೇಟು ಮುಂತಾದ ಹತ್ತಾರು ಪದಾರ್ಥಗಳನ್ನು ರಾಳದಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿ ಗಟ್ಟಿ ಮಾಡಿದ ಬಿಲ್ಲೆ. ಸವೆಯುವುದು ಅದೊಂದೇ ಎಂದು ಅನೇಕರು ತಿಳಿದಿದ್ದಾರೆ. ಡಿಸ್ಕೂ ಜೊತೆಜೊತೆಗೇ ಸವೆಯುತ್ತದೆ, ಅದು ಎರಕದ ಕಬ್ಬಿಣ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಇಷ್ಟಿರಬೇಕು ಎಂದು ಅಚ್ಚೊತ್ತಿರುತ್ತಾರೆ. ಸಾಮಾನ್ಯ ಕಾರಿನಲ್ಲಿ ಹೊಸ ಡಿಸ್ಕಿನ ದಪ್ಪಕ್ಕೂ ಈ ಕನಿಷ್ಠ ದಪ್ಪಕ್ಕೂ ಅಂತರ ಸುಮಾರು 2 ಮಿಲಿಮೀಟರ್. ಅಷ್ಟು ದೊಡ್ಡ ತಟ್ಟೆಯಿಂದ 2 ಮಿಲಿಮೀಟರ್ ಕಬ್ಬಿಣ ಕರಗಿಹೋಯಿತು ಎಂದರೆ ಅದು ಎಲ್ಲಿಗೋ ಹೋಗಿರಲೇಬೇಕು. ಒಂದಿಷ್ಟು ಗಾಳಿಗೆ, ಒಂದಿಷ್ಟು ರಸ್ತೆಗೆ, ಉಳಿದದ್ದು ಪಕ್ಕದಲ್ಲೇ ತಿರುಗುತ್ತಿರುವ ಗಾಲಿಗೆ.

ಮುಂದಿನ ಗಾಲಿಗೇ ಏಕೆ ಹೆಚ್ಚು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಬ್ರೇಕ್ ಹಾಕಿದಾಗ ವಾಹನದ ಭಾರ ಮುಂದಕ್ಕೆ ವಾಲುತ್ತದೆ. ಸಾಮಾನ್ಯ ಕಾರಿನಲ್ಲಿ ನಿಲ್ಲಿಸುವ ಕೆಲಸದ ಶೇಕಡಾ 60ರಿಂದ 70ರಷ್ಟನ್ನು ಮುಂದಿನ ಬ್ರೇಕುಗಳೇ ಮಾಡುತ್ತವೆ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಪುಡಿ ಡ್ರಮ್ಮಿನೊಳಗೇ ಉಳಿದುಬಿಡುತ್ತದೆ, ಹೊರಗೆ ಕಾಣುವುದು ಕಡಿಮೆ.

ಇನ್ನು ಅಂಟಿಕೊಳ್ಳುವ ವಿಚಾರ. ಪುಡಿ ಗಾಲಿಗೆ ಬೀಳುವಾಗ ಸಡಿಲವಾಗಿಯೇ ಇರುತ್ತದೆ. ಆ ಹೊತ್ತಿಗೆ ನೀರು ಹೊಡೆದರೆ ಅರ್ಧಕ್ಕರ್ಧ ಹೋಗಿಬಿಡುತ್ತದೆ. ಹಾಗೇ ಬಿಟ್ಟರೆ ಇಬ್ಬನಿ, ಮಳೆ, ತೊಳೆದ ನೀರು ಯಾವುದಾದರೂ ತೇವ ಕೊಡುತ್ತದೆ, ಕಬ್ಬಿಣದ ಕಣ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಣ ಉಬ್ಬುತ್ತದೆ, ಗಾಲಿಯ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್‌ಗೆ ಕಚ್ಚಿಕೊಳ್ಳುತ್ತದೆ. ಬ್ರೇಕಿನ ಕಾವು, ಪ್ಯಾಡಿನ ರಾಳ, ರಸ್ತೆಯ ಜಿಡ್ಡು ಸೇರಿ ಅದರ ಮೇಲೆ ಮತ್ತೊಂದು ಪದರ ಕಟ್ಟುತ್ತವೆ. ಹೀಗೆ ಗಾಲಿಯ ಮೇಲೆ ಯಾವಾಗಲೂ ಎರಡು ಬಗೆಯ ಕೊಳೆ: ಮೇಲಿನದು ಸಡಿಲ, ಅಡಿಯದು ಕಚ್ಚಿಕೊಂಡದ್ದು. ಮೇಲಿನದಕ್ಕೆ ನೀರು, ಶಾಂಪೂ ಸಾಕು. ಅಡಿಯದನ್ನು ಕರಗಿಸಿಯೇ ತೆಗೆಯಬೇಕು. ಸಡಿಲವಾದದ್ದನ್ನು ಮೊದಲು ತೊಳೆದುಹಾಕದೆ ಬ್ರಷ್ ಆಡಿಸಿದರೆ ಆ ಕಬ್ಬಿಣದ ಪುಡಿಯೇ ಮರಳು ಕಾಗದದಂತೆ ಗೆರೆ ಎಳೆಯುತ್ತದೆ.

ತೊಳೆಯುವ ಮುನ್ನ ಒಮ್ಮೆ ನೋಡಿ

ನೀರು ಹಾಕಿದ ಮೇಲೆ ಅಳಿಸಿಹೋಗುವ ಮಾಹಿತಿಯೊಂದು ಗಾಲಿಯ ಮೇಲಿರುತ್ತದೆ. ಹಾಗಾಗಿ ಪೈಪು ಹಿಡಿಯುವ ಮೊದಲು ನಾಲ್ಕೂ ಗಾಲಿಗಳ ಸುತ್ತ ಒಂದು ಸುತ್ತು ಬರುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಹೋಲಿಸಬೇಕಾದದ್ದು ಮುಂದಿನದನ್ನು ಹಿಂದಿನದಕ್ಕಲ್ಲ, ಎಡದ್ದನ್ನು ಬಲದ್ದಕ್ಕೆ.

ಎಡ ಮುಂಗಾಲಿ ಕಪ್ಪಗೆ, ಬಲ ಮುಂಗಾಲಿ ಸಾಧಾರಣ ಎಂದಿದ್ದರೆ ಎಡಗಡೆಯ ಪ್ಯಾಡು ಬ್ರೇಕ್ ಬಿಟ್ಟ ಮೇಲೂ ಡಿಸ್ಕಿಗೆ ಉಜ್ಜುತ್ತಿರುವ ಸಾಧ್ಯತೆ ಇದೆ. ಕ್ಯಾಲಿಪರ್ ಜಾರುವ ಪಿನ್ನು ಗ್ರೀಸ್ ಒಣಗಿ ಬಿಗಿಯಾಗಿರಬಹುದು, ಇಲ್ಲವೇ ಪ್ಯಾಡನ್ನು ಒತ್ತುವ ಪಿಸ್ಟನ್ ಪೂರ್ತಿ ಹಿಂದಕ್ಕೆ ಸರಿಯುತ್ತಿಲ್ಲದಿರಬಹುದು. ಅಂಥ ಗಾಲಿ ಸ್ವಲ್ಪ ದೂರ ಓಡಿಸಿದರೂ ಪಕ್ಕದ್ದಕ್ಕಿಂತ ಬಿಸಿಯಾಗಿರುತ್ತದೆ. ತದ್ವಿರುದ್ಧವಾಗಿ, ಒಂದು ಗಾಲಿ ವಾರಗಟ್ಟಲೆ ಸ್ವಚ್ಛವಾಗಿಯೇ ಉಳಿದರೆ ಅದೂ ಒಳ್ಳೆಯ ಸುದ್ದಿಯಲ್ಲ, ಆ ಕಡೆಯ ಬ್ರೇಕು ತನ್ನ ಪಾಲಿನ ಕೆಲಸ ಮಾಡುತ್ತಿಲ್ಲದಿರಬಹುದು. ಪುಡಿ ಒಣಗಿಲ್ಲದೆ ಒದ್ದೆಯಾಗಿ, ಜಿಡ್ಡಾಗಿ, ಕಡ್ಡಿಗಳ ಮೇಲೆ ನಡುವಿನಿಂದ ಅಂಚಿನ ಕಡೆಗೆ ಗೆರೆಗೆರೆಯಾಗಿ ಚಿಮ್ಮಿದ್ದರೆ ಅದು ಬ್ರೇಕ್ ಪುಡಿಯೊಂದೇ ಆಗಿರಲಾರದು. ಆಕ್ಸಲಿನ ರಬ್ಬರ್ ಬೂಟು ಹರಿದು ಗ್ರೀಸ್ ಚೆಲ್ಲಿರಬಹುದು, ಬ್ರೇಕ್ ಎಣ್ಣೆ ಒಸರುತ್ತಿರಬಹುದು. ಅಂಥದ್ದನ್ನು ತೊಳೆದು ಕಾರನ್ನು ನಿಲ್ಲಿಸಿದರೆ ಎಚ್ಚರಿಕೆಯ ಗುರುತನ್ನೇ ಅಳಿಸಿದಂತೆ. ಮೆಕ್ಯಾನಿಕ್‌ಗೆ ತೋರಿಸುವವರೆಗೆ ಹಾಗೇ ಬಿಡುವುದು, ಕೊನೇಪಕ್ಷ ಒಂದು ಫೋಟೋ ತೆಗೆದಿಡುವುದು ಒಳ್ಳೆಯದು.

ಗಾಲಿಯ ಚರ್ಮ ಯಾವುದು

ಅಲಾಯ್ ವೀಲ್ ಎಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಹೆಚ್ಚಿನವು ಬಣ್ಣ ಬಳಿದು ಮೇಲೆ ಕ್ಲಿಯರ್ ಕೋಟ್ ಹೊದಿಸಿದ ಅಲ್ಯೂಮಿನಿಯಂ ಗಾಲಿಗಳು. ಕಾರಿನ ಮೈಗೆ ಬಳಸುವ ಶಾಂಪೂ ಇವಕ್ಕೂ ನಡೆಯುತ್ತದೆ. ಮುಖವನ್ನು ಲೇತ್ ಮೇಲೆ ಕಡೆದು ಸಣ್ಣ ಸಣ್ಣ ಸುತ್ತುಗೆರೆ ಕಾಣುವಂತೆ ಬಿಟ್ಟ ಡೈಮಂಡ್ ಕಟ್ ಗಾಲಿಗಳು ಇನ್ನೊಂದು ಬಗೆ. ಇವುಗಳಿಗೆ ಬಣ್ಣವಿಲ್ಲ, ಕಡೆದ ಲೋಹದ ಮೇಲೆ ನೇರವಾಗಿ ಕ್ಲಿಯರ್ ಕೋಟ್, ಅದೂ ಚೂಪಾದ ಅಂಚುಗಳಲ್ಲಿ ತೀರಾ ತೆಳು. ಕಲ್ಲು ತಾಗಿ ಒಂದು ಚುಕ್ಕೆ ಎದ್ದರೆ ಸಾಕು, ಅಲ್ಲಿಂದ ನೀರು ಪದರದ ಅಡಿಗೆ ನುಸುಳಿ ಬಿಳಿ ಹುಳು ಹರಿದಂಥ ಗೆರೆಗಳು ಹರಡುತ್ತವೆ. ಆ ಗೆರೆ ಕೊಳೆಯಲ್ಲ, ತಿಕ್ಕಿದರೆ ಹೋಗುವುದಿಲ್ಲ, ತಿಕ್ಕಿದಷ್ಟೂ ಪದರ ಇನ್ನಷ್ಟು ಏಳುತ್ತದೆ. ಪದರವೇ ಇಲ್ಲದ, ಕನ್ನಡಿಯಂತೆ ಪಾಲಿಶ್ ಮಾಡಿದ ಬರಿ ಅಲ್ಯೂಮಿನಿಯಂ ಗಾಲಿ ಮೂರನೆಯ ಬಗೆ, ಎಲ್ಲಕ್ಕಿಂತ ನಾಜೂಕಿನದು. ಕ್ರೋಮ್, ಆನೊಡೈಸ್ ಮಾಡಿದವು, ಹೊಳಪಿಲ್ಲದ ಮ್ಯಾಟ್ ಬಣ್ಣದವು ಬೇರೆಯೇ ಇವೆ.

ಬರಿ ಲೋಹವೋ ಪದರವಿದೆಯೋ ಎಂದು ಅನುಮಾನ ಬಂದರೆ, ಕಾಣದ ಒಂದು ಮೂಲೆಯಲ್ಲಿ ಬಿಳಿ ಬಟ್ಟೆಗೆ ಒಂದು ತೊಟ್ಟು ಮೆಟಲ್ ಪಾಲಿಶ್ ಹಚ್ಚಿ ಮೆಲ್ಲಗೆ ಉಜ್ಜಿ. ಬಟ್ಟೆ ಕಪ್ಪಾದರೆ ಬರಿ ಅಲ್ಯೂಮಿನಿಯಂ, ಬಿಳಿಯಾಗಿಯೇ ಉಳಿದರೆ ಮೇಲೆ ಪದರವಿದೆ. ಮೊದಲು ಆ ಮೂಲೆಯ ಕೊಳೆ ತೆಗೆದಿರಬೇಕು ಎಂಬುದು ನೆನಪಿರಲಿ, ಇಲ್ಲದಿದ್ದರೆ ಬ್ರೇಕಿನ ಪುಡಿಯೇ ಬಟ್ಟೆಯನ್ನು ಕಪ್ಪು ಮಾಡಿ ದಾರಿ ತಪ್ಪಿಸುತ್ತದೆ.

ಇಷ್ಟೆಲ್ಲ ಏಕೆಂದರೆ ಅಲ್ಯೂಮಿನಿಯಂ ಆಸಿಡ್‌ಗೂ ಕರಗುತ್ತದೆ, ಕ್ಷಾರಕ್ಕೂ ಕರಗುತ್ತದೆ. ಕಾಸ್ಟಿಕ್ ಸೋಡಾ ಇರುವ ಜಿಡ್ಡು ತೆಗೆಯುವ ದ್ರಾವಣ ಬರಿ ಅಲ್ಯೂಮಿನಿಯಂ ಮೇಲೆ ಬಿದ್ದರೆ ನಿಮಿಷಗಳಲ್ಲಿ ಅದರ ಮುಖ ಬೂದು ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಬಾಟಲಿಯ ಮೇಲೆ ಪಿಎಚ್ ನ್ಯೂಟ್ರಲ್, ಅಂದರೆ ಆಸಿಡ್ಡೂ ಅಲ್ಲ ಕ್ಷಾರವೂ ಅಲ್ಲ, ಎಂದಿರುವುದೇ ಎಲ್ಲ ಬಗೆಯ ಗಾಲಿಗೂ ಸುರಕ್ಷಿತ ಆಯ್ಕೆ. ಮ್ಯಾಟ್ ಗಾಲಿಗೆ ಹೊಳಪು ಕೊಡುವ ವ್ಯಾಕ್ಸ್ ಇರುವ ಶಾಂಪೂ ಬೇಡ, ಅಲ್ಲಲ್ಲಿ ಮಿಂಚಿ ತೇಪೆ ಹಾಕಿದ ಹಾಗೆ ಕಾಣುತ್ತದೆ.

ತೊಳೆಯುವ ಕ್ರಮ

ಮೊದಲ ಷರತ್ತು: ಗಾಲಿ ತಣ್ಣಗಿರಬೇಕು. ಆಗತಾನೇ ಓಡಿಸಿ ಬಂದಿದ್ದರೆ ಅರ್ಧ ಗಂಟೆಯಾದರೂ ಬಿಡಬೇಕು, ಘಾಟಿ ಇಳಿದು ಬಂದಿದ್ದರೆ ಇನ್ನೂ ಹೆಚ್ಚು. ಅಂಗೈಯ ಹಿಂಭಾಗವನ್ನು ಕಡ್ಡಿಯ ಹತ್ತಿರ ಹಿಡಿದರೆ ಕಾವು ತಿಳಿಯುತ್ತದೆ. ಬಿಸಿ ಡಿಸ್ಕಿನ ಒಂದು ಪಕ್ಕಕ್ಕೆ ಮಾತ್ರ ತಣ್ಣೀರು ಹೊಡೆದರೆ ಅದು ಅಸಮವಾಗಿ ಕುಗ್ಗುತ್ತದೆ. ಬಿಸಿ ಗಾಲಿಗೆ ದ್ರಾವಣ ಹೊಡೆದರೆ ಕೆಲಸ ಮಾಡುವ ಮೊದಲೇ ಒಣಗಿ ಕಲೆ ಕಟ್ಟುತ್ತದೆ. ಬಿಸಿಲಿನಲ್ಲಿ ನಿಂತ ಕಪ್ಪು ಗಾಲಿಯೂ ಇದಕ್ಕೆ ಹೊರತಲ್ಲ, ನೆರಳಿಗೆ ತರಬೇಕು.

ಬೇಕಾದದ್ದು ಹೆಚ್ಚೇನಿಲ್ಲ. 10ರಿಂದ 15 ಲೀಟರಿನ ಎರಡು ಬಕೆಟ್ಟು, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬ್ರಷ್ ಜಾಲಿಸಲು ಬರಿ ನೀರು. ಮೆತ್ತನೆ ಕೂದಲಿನ ಒಂದು ಸಣ್ಣ ಬ್ರಷ್, ಕಡ್ಡಿಗಳ ಹಿಂದಕ್ಕೆ ತಲುಪುವ ಉದ್ದ ಹಿಡಿಯ ಒಂದು ಬ್ರಷ್, ನಟ್ಟುಗಳ ಗುಳಿಗೆ ಹೋಗುವ ಒಂದು ತೆಳು ಬ್ರಷ್. ಟೈರಿನ ರಬ್ಬರಿಗೆ ಬಿರುಸಾದ ಬೇರೆ ಬ್ರಷ್. ಎರಡು ಮೈಕ್ರೋಫೈಬರ್ ಬಟ್ಟೆ, ಕೈಗೆ ರಬ್ಬರ್ ಗ್ಲೌಸು. ಇವೆಲ್ಲ ಗಾಲಿಗೇ ಮೀಸಲು. ಗಾಲಿ ಒರೆಸಿದ ಬಟ್ಟೆ ಒಗೆದ ಮೇಲೂ ಕಾರಿನ ಮೈಗೆ ಹೋಗಬಾರದು, ನೂಲಿನೊಳಗೆ ಸಿಕ್ಕ ಕಬ್ಬಿಣದ ಚೂರು ಬಾಗಿಲ ಮೇಲೆ ಗೀರು ಎಳೆಯುತ್ತದೆ. ಮತ್ತೆ, ಕಾರಿನ ಮೈಗಿಂತ ಮೊದಲು ಗಾಲಿ ತೊಳೆಯಬೇಕು. ಮೈ ಮೊದಲು ತೊಳೆದರೆ ಗಾಲಿಯ ಕರಿನೀರು ಅದರ ಮೇಲೆ ಹಾರುತ್ತದೆ, ಅಷ್ಟರಲ್ಲಿ ಮೈಯ ನೀರೂ ಒಣಗಿ ಚುಕ್ಕೆಯಾಗುತ್ತದೆ.

ಒಂದು ಹೊತ್ತಿಗೆ ಒಂದೇ ಗಾಲಿ ಹಿಡಿಯಿರಿ. ಮೊದಲು ಬರಿ ನೀರು, ಧಾರಾಳವಾಗಿ, ಕಡ್ಡಿಗಳ ಹಿಂದೆ, ಒಳ ಸುತ್ತು, ನಟ್ಟಿನ ಗುಳಿ ಎಲ್ಲಕ್ಕೂ. ಇಲ್ಲಿ ಅವಸರ ಮಾಡುವವರೇ ಗೆರೆ ಬೀಳಿಸುವುದು. ಹರಿಯುವ ನೀರಿನ ಕಪ್ಪು ತಿಳಿಯಾಗುವವರೆಗೂ ಬಿಡಿ. ಪ್ರೆಶರ್ ವಾಷರ್ ಇದ್ದರೆ ಮೂತಿ ಗಾಲಿಯಿಂದ ಕನಿಷ್ಠ 30 ಸೆಂಟಿಮೀಟರ್ ದೂರವಿರಲಿ, ಧಾರೆ ಬೀಸಣಿಗೆಯಂತೆ ಹರಡಿರಲಿ. ಸೂಜಿಯಂಥ ಧಾರೆ ಟೈರಿನ ಪಕ್ಕದ ರಬ್ಬರಿಗೆ ಹತ್ತಿರದಿಂದ ಬಿದ್ದರೆ ಹೊರಗೆ ಕಾಣದಂತೆ ಒಳಗಿನ ನೂಲಿಗೆ ಪೆಟ್ಟಾಗುತ್ತದೆ. ಆಮೇಲೆ ಶಾಂಪೂ ನೀರಿನಲ್ಲಿ ಅದ್ದಿದ ಬ್ರಷ್. ಮೇಲಿನಿಂದ ಕೆಳಕ್ಕೆ, ಕಡ್ಡಿಗೊಮ್ಮೆ ಬ್ರಷ್ ಜಾಲಿಸುತ್ತ. ಇದಾದ ಮೇಲೆ ಮತ್ತೆ ನೀರು.

ಅನೇಕ ಗಾಲಿಗಳಿಗೆ ಇಷ್ಟೇ ಸಾಕು. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಹೀಗೆ ತೊಳೆಯುವವರಿಗೆ ಮುಂದಿನ ಹಂತ ಮೂರು ನಾಲ್ಕು ತಿಂಗಳಿಗೊಮ್ಮೆ ಬಂದರೆ ಹೆಚ್ಚು. ತೊಳೆದ ಮೇಲೂ ಬೆರಳಾಡಿಸಿದರೆ ಮರಳು ತಾಗಿದ ಹಾಗೆ ಒರಟೊರಟಾಗಿದ್ದರೆ, ಸಣ್ಣ ಕಂದು ಚುಕ್ಕೆಗಳು ಉಳಿದಿದ್ದರೆ, ಅದು ಅಡಿಯ ಪದರ. ಅದಕ್ಕೇ ಐರನ್ ರಿಮೂವರ್.

ನೇರಳೆ ನೀರು

ಮೊದಲ ಬಾರಿಗೆ ಐರನ್ ರಿಮೂವರ್ ಕೆಲಸ ಮಾಡುವುದನ್ನು ನೋಡಿದವರು ಆ ದೃಶ್ಯ ಮರೆಯುವುದಿಲ್ಲ. ನೀರಿನಂಥ ತಿಳಿ ದ್ರಾವಣವನ್ನು ಬೆಳ್ಳಿ ಬಣ್ಣದ ಗಾಲಿಗೆ ಸಿಂಪಡಿಸುತ್ತಾರೆ. ಅರ್ಧ ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಸ್ವಚ್ಛವಾಗಿದೆ ಎಂದುಕೊಂಡಿದ್ದ ಜಾಗದಲ್ಲೇ ಒಂದೊಂದು ನೇರಳೆ ಚುಕ್ಕೆ ಮೂಡುತ್ತದೆ. ಚುಕ್ಕೆ ಗೆರೆಯಾಗಿ ಇಳಿಯುತ್ತದೆ, ಗೆರೆಗಳು ಕೂಡಿ ಕಡ್ಡಿಯ ತುದಿಯಿಂದ ಜಂಬುನೇರಳೆ ರಸದಂತೆ ತೊಟ್ಟಿಕ್ಕುತ್ತವೆ. ಜೊತೆಗೆ ಕೊಳೆತ ಮೊಟ್ಟೆಯ ಹತ್ತಿರದ ಒಂದು ಗಂಧಕದ ವಾಸನೆ. ಇದರಲ್ಲಿರುವುದು ಥಯೋಗ್ಲೈಕೊಲೇಟ್ ಎಂಬ ಲವಣ. ಕೂದಲನ್ನು ಗುಂಗುರು ಮಾಡುವ ದ್ರಾವಣದಲ್ಲೂ, ಕೂದಲು ತೆಗೆಯುವ ಕ್ರೀಮಿನಲ್ಲೂ ಇರುವುದು ಇದೇ ಕುಟುಂಬದ ರಾಸಾಯನಿಕ, ಆ ವಾಸನೆ ಪರಿಚಿತ ಎನ್ನಿಸುವುದು ಅದಕ್ಕೇ. ಅದು ತುಕ್ಕಿನ ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವ ನೇರಳೆ ಸಂಯುಕ್ತವಾಗಿ ಮಾಡುತ್ತದೆ. ಉಜ್ಜಿ ಕೀಳುವ ಬದಲು ಕರಗಿಸಿ ತೆಗೆಯುವುದರಿಂದ ಕ್ಲಿಯರ್ ಕೋಟ್‌ಗೆ ಪೆಟ್ಟಾಗುವುದಿಲ್ಲ. ಗ್ಲೌಸು ಮಾತ್ರ ಬೇಕೇ ಬೇಕು, ಚರ್ಮಕ್ಕೂ ಇದು ಒಳ್ಳೆಯದಲ್ಲ.

ಬಳಸುವ ಬಗೆ ಹೀಗೆ. ಶಾಂಪೂ ತೊಳೆದು ಹೋದ ಮೇಲೆ ಗಾಲಿಯ ಮೇಲೆ ನಿಂತ ನೀರನ್ನು ಒಮ್ಮೆ ಒರೆಸಿಕೊಳ್ಳಿ, ಇಲ್ಲದಿದ್ದರೆ ದ್ರಾವಣ ತೆಳುವಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಸಾಧಾರಣ ಅಳತೆಯ ಒಂದು ಗಾಲಿಗೆ 30ರಿಂದ 50 ಮಿಲಿಲೀಟರ್ ಸಾಕು. 3ರಿಂದ 5 ನಿಮಿಷ ಬಿಡಿ, ನಡುವೆ ಮೆತ್ತನೆ ಬ್ರಷ್‌ನಿಂದ ಒಮ್ಮೆ ಕಲಕಿ. ಒಣಗುವಂತೆ ಕಂಡರೆ ಕಾಯಬೇಡಿ, ಕೂಡಲೇ ತೊಳೆಯಿರಿ. ಐದು ನಿಮಿಷ ಎಂದು ಬಾಟಲಿಯ ಮೇಲಿದೆ ಎಂದು ಬಿಸಿಗಾಳಿಯಲ್ಲೂ ಐದು ನಿಮಿಷ ಕಾಯ್ದು, ನೇರಳೆ ಗೆರೆಗಳು ಗಾಲಿಯ ಮೇಲೆಯೇ ಒಣಗಿ ಕೂತಿರುವುದು ಅಪರೂಪವೇನಲ್ಲ. ಹಾಗೆ ಆದಾಗ ಮತ್ತೆ ಅದೇ ದ್ರಾವಣ ಹೊಡೆದು ಒದ್ದೆ ಮಾಡಿ ಕೂಡಲೇ ತೊಳೆದರೆ ಹೆಚ್ಚಿನ ಕಲೆ ಹೋಗುತ್ತದೆ. ಒಣ ಬಟ್ಟೆಯಿಂದ ತಿಕ್ಕಲು ಹೋಗಬಾರದು.

ಒಂದು ವಿಷಯ ಗೊತ್ತಿಲ್ಲದೆ ಬಾಟಲಿಗಟ್ಟಲೆ ಖರ್ಚು ಮಾಡುವವರಿದ್ದಾರೆ. ಗಾಲಿಯ ಹಿಂದಿರುವ ಡಿಸ್ಕ್ ತಾನೇ ಕಬ್ಬಿಣ, ಅದರ ಅಂಚಿನಲ್ಲಿ ಯಾವಾಗಲೂ ತುಕ್ಕಿರುತ್ತದೆ. ದ್ರಾವಣ ಅದಕ್ಕೆ ತಾಗಿದರೆ ಎಷ್ಟು ಸಲ ಹೊಡೆದರೂ ನೇರಳೆ ಬಣ್ಣ ಬರುತ್ತಲೇ ಇರುತ್ತದೆ. ಗಾಲಿ ಇನ್ನೂ ಸ್ವಚ್ಛವಾಗಿಲ್ಲ ಎಂದು ತಿಳಿದು ಮತ್ತೆ ಮತ್ತೆ ಸಿಂಪಡಿಸುತ್ತಾರೆ. ನೋಡಬೇಕಾದದ್ದು ಕಡ್ಡಿಗಳ ಮುಖವನ್ನು. ಅಲ್ಲಿ ಹೊಸ ಚುಕ್ಕೆ ಏಳುತ್ತಿಲ್ಲ ಎಂದರೆ ಕೆಲಸ ಮುಗಿದ ಹಾಗೆ. ಬಣ್ಣವೇ ಬರಲಿಲ್ಲ, ಆದರೂ ಕಪ್ಪು ಚುಕ್ಕೆ ಉಳಿದಿದೆ ಎಂದರೆ ಅದು ಕಬ್ಬಿಣವಲ್ಲ, ಡಾಂಬರು. ಅದಕ್ಕೆ ಟಾರ್ ರಿಮೂವರನ್ನು ಬಟ್ಟೆಗೆ ಹಾಕಿಕೊಂಡು ಚುಕ್ಕೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದು ಒರೆಸಬೇಕು, ಟೈರಿನ ರಬ್ಬರಿಗೆ ಹತ್ತದಂತೆ. ಆಮೇಲೂ ಒರಟಿದ್ದರೆ ಕೊಳೆಯನ್ನು ಅಂಟಿಸಿಕೊಂಡು ಎತ್ತುವ ಜೇಡಿಯಂಥ ಮುದ್ದೆ, ಅಂದರೆ ಕ್ಲೇ ಬಾರ್, ಸೋಪು ನೀರಿನ ಜಾರಿಕೆಯಲ್ಲಿ, ಒತ್ತಡವಿಲ್ಲದೆ. ಗಾಲಿಗೆ ಬಳಸಿದ ಕ್ಲೇಯನ್ನು ಬೇರೆಡೆ ಬಳಸಬಾರದು ಎಂದು ಮತ್ತೆ ಹೇಳಬೇಕಿಲ್ಲ.

ಕೈಗೆ ಸಿಕ್ಕಿದ್ದನ್ನು ಹಾಕಿದರೆ

ಶೌಚಾಲಯ ತೊಳೆಯುವ ದ್ರಾವಣಗಳಲ್ಲಿ ಅನೇಕವು ಹೈಡ್ರೋಕ್ಲೋರಿಕ್ ಆಸಿಡ್. ಗಾಲಿಗೆ ಹಾಕಿದರೆ ಕಪ್ಪು ಕ್ಷಣದಲ್ಲಿ ಹೋಗುತ್ತದೆ, ಅದಕ್ಕೇ ಜನ ಮರುಳಾಗುವುದು. ಆದರೆ ಕ್ಲಿಯರ್ ಕೋಟ್‌ನ ಪ್ರತಿ ಬಿರುಕಿನಲ್ಲೂ ಅದು ಅಲ್ಯೂಮಿನಿಯಂ ತಿನ್ನುತ್ತದೆ, ನಟ್ಟುಗಳ ಲೇಪ ಕೀಳುತ್ತದೆ, ಡಿಸ್ಕ್ ಮರುದಿನವೇ ಕೆಂಪಗೆ ತುಕ್ಕು ಹಿಡಿಯುತ್ತದೆ. ನಿಂಬೆ ರಸ, ವಿನೆಗರ್ ಇಷ್ಟು ಕ್ರೂರವಲ್ಲ, ಗಡುಸು ನೀರಿನ ಬಿಳಿ ಕಲೆಗೆ ನೀರು ಬೆರೆಸಿದ ವಿನೆಗರ್ ಕೆಲಸಕ್ಕೂ ಬರುತ್ತದೆ. ಕಚ್ಚಿಕೊಂಡ ಕಬ್ಬಿಣದ ಮುಂದೆ ಮಾತ್ರ ಅವುಗಳ ಆಟ ನಡೆಯುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಗಾಲಿಗೆಂದೇ ಮಾರುವ ಕೆಲವು ಆಸಿಡ್ ಕ್ಲೀನರುಗಳಲ್ಲಿದೆ. ಹೈಡ್ರೋಫ್ಲೋರಿಕ್ ಆಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಎಂದು ಲೇಬಲ್ ಮೇಲೆ ಕಂಡರೆ ಮನೆಗೆ ತರಬೇಡಿ. ಚರ್ಮಕ್ಕೆ ತಾಗಿದಾಗ ಕೆಲವೊಮ್ಮೆ ತಕ್ಷಣ ಉರಿ ಗೊತ್ತಾಗುವುದೇ ಇಲ್ಲ. ಒಳಗಿಳಿದು ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ಹೃದಯಕ್ಕೂ ಅಪಾಯ ತರುತ್ತದೆ. ಗಾಲಿ ಹೊಳೆಯುವ ಸಲುವಾಗಿ ಇಂಥದ್ದನ್ನು ಬರಿಗೈಯಲ್ಲಿ ಬಳಸುವವರನ್ನು ಕಂಡರೆ ತಡೆಯಬೇಕು. ಬ್ಲೀಚನ್ನು ಆಸಿಡ್ ಜೊತೆಗಾಗಲಿ ಐರನ್ ರಿಮೂವರ್ ಜೊತೆಗಾಗಲಿ ಬೆರೆಸಬಾರದು, ವಿಷದ ಗಾಳಿ ಏಳುತ್ತದೆ.

ಪಾತ್ರೆ ಉಜ್ಜುವ ಉಕ್ಕಿನ ನಾರು ಇನ್ನೊಂದು ತಪ್ಪು. ಅದು ಗೆರೆ ಎಳೆಯುವುದು ಸಾಲದೆಂದು ತನ್ನ ತುಂಡುಗಳನ್ನೂ ಬಿಟ್ಟುಹೋಗುತ್ತದೆ, ಅವೂ ತುಕ್ಕು ಹಿಡಿಯುತ್ತವೆ. ಕಬ್ಬಿಣ ತೆಗೆಯಲು ಹೋಗಿ ಕಬ್ಬಿಣ ತುಂಬಿ ಬಂದ ಹಾಗಾಯಿತು. ಟೈರ್ ಹೊಳಪಿನ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಎಣ್ಣೆ, ವ್ಯಾಕ್ಸ್ ಇವು ಯಾವುವೂ ಡಿಸ್ಕಿನ ಮುಖಕ್ಕೆ ಬೀಳಬಾರದು. ಪ್ಯಾಡ್ ಎಣ್ಣೆ ಹೀರಿಕೊಂಡರೆ ಬ್ರೇಕ್ ಹಿಡಿಯುವುದಿಲ್ಲ, ಅಂಥ ಪ್ಯಾಡನ್ನು ಬದಲಿಸಲೇಬೇಕಾಗುತ್ತದೆ. ಟೈರ್ ಹೊಳಪನ್ನು ಯಾವಾಗಲೂ ಸ್ಪಂಜಿಗೆ ಹಾಕಿಕೊಂಡು ಬಳಿಯಿರಿ, ನೇರ ಸಿಂಪಡಿಸಬೇಡಿ.

ಬ್ರೇಕ್ ಪುಡಿಯನ್ನು ಗಾಳಿ ಹೊಡೆದು ಹಾರಿಸುವುದು, ಒಣ ಬ್ರಷ್‌ನಿಂದ ಕೊಡವುವುದು ಬೇಡವೇ ಬೇಡ. ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಹಳೆಯ ವಾಹನಗಳ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಹಳೆಯ ಕಾರೊಂದರ ಡ್ರಮ್ ಬಿಚ್ಚುವಾಗ ಅದು ಇದೆ ಎಂದೇ ತಿಳಿದು ಒದ್ದೆ ಮಾಡಿ ಒರೆಸುವುದು ಕ್ಷೇಮ.

ಕಾಣದ ಕಡೆ

ಗಾಲಿಯ ಮುಖ ಹೊಳೆಯುತ್ತಿದ್ದರೂ ಒಳಸುತ್ತು ಕಪ್ಪಗೇ ಇರುವುದು ಸಾಮಾನ್ಯ. ಅಲ್ಲಿ ಕೆಸರು ಒಂದೇ ಕಡೆ ಗಟ್ಟಿಯಾಗಿ ಕೂತರೆ ಗಾಲಿಯ ತೂಕದ ಸಮತೋಲ ತಪ್ಪಿ, ವೇಗ ಹೆಚ್ಚಿದಾಗ ಸ್ಟಿಯರಿಂಗ್ ನಡುಗುತ್ತದೆ. ತೊಳೆದರೆ ನಡುಕ ನಿಲ್ಲುತ್ತದೆ. ತೊಳೆದ ಮೇಲೆಯೇ ನಡುಕ ಶುರುವಾದರೆ ಕಾರಣ ಬೇರೆ: ಒಳಸುತ್ತಿನಲ್ಲಿ ಅಂಟಿಸಿದ 5 ಗ್ರಾಂ, 10 ಗ್ರಾಂನ ಬ್ಯಾಲೆನ್ಸಿಂಗ್ ತೂಕದ ಪಟ್ಟಿ ಉದುರಿಹೋಗಿರಬಹುದು. ಬಿರುಸು ಬ್ರಷ್, ಹತ್ತಿರದ ಪ್ರೆಶರ್ ಧಾರೆ, ಅಂಟು ಕರಗಿಸುವ ಟಾರ್ ರಿಮೂವರ್, ಮೂರೂ ಅದನ್ನು ಬಿಡಿಸಬಲ್ಲವು. ಆ ಪಟ್ಟಿಯ ಸುತ್ತ ಕೈ ಹಗುರವಿರಲಿ.

ವರ್ಷಕ್ಕೊಮ್ಮೆ ಗಾಲಿ ಬಿಚ್ಚಿ ತೊಳೆದರೆ ಒಳಸುತ್ತು ಪೂರ್ತಿ ಸ್ವಚ್ಛವಾಗುತ್ತದೆ. ಬರೀ ಜಾಕ್ ನಂಬಿ ಕೈ ಒಳಗೆ ಹಾಕಬಾರದು, ಸ್ಟ್ಯಾಂಡ್ ಕೊಡಬೇಕು. ಗಾಲಿ ಕೂರುವ ಹಬ್ಬಿನ ಮುಖದಲ್ಲಿ ತುಕ್ಕಿನ ಪದರವಿದ್ದರೆ ತಂತಿ ಬ್ರಷ್‌ನಿಂದ ತೆಗೆಯಿರಿ. ಅಲ್ಲಿ ಒಂದು ಹರಳು ಸಿಕ್ಕಿಕೊಂಡರೂ ಗಾಲಿ ಓರೆಯಾಗಿ ಕೂತು ನಟ್ಟು ಸಡಿಲಾಗುತ್ತದೆ. ಮರಳಿ ಹಾಕುವಾಗ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು. ಬಿಗಿತ ಸಾಮಾನ್ಯ ಕಾರುಗಳಿಗೆ 90ರಿಂದ 120 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮ ವಾಹನದ ನಿಖರ ಅಂಕಿ ಕೈಪಿಡಿಯಲ್ಲಿರುತ್ತದೆ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಿಂದ ಇನ್ನೊಮ್ಮೆ ನೋಡಿ.

ಬೈಕುಗಳಲ್ಲಿ ಹಿಂದಿನ ಗಾಲಿಯ ಕಪ್ಪು ಬಹುಪಾಲು ಬ್ರೇಕಿನದಲ್ಲ, ಚೈನಿಗೆ ಹಾಕಿದ ಎಣ್ಣೆ ಸಿಡಿದದ್ದು. ಅದಕ್ಕೆ ಐರನ್ ರಿಮೂವರ್ ವ್ಯರ್ಥ, ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಆಮೇಲೆ ಶಾಂಪೂ. ಆ ಬಟ್ಟೆ ಡಿಸ್ಕಿನ ಕಡೆ ಸುಳಿಯಬಾರದು. ತಪ್ಪಿ ತಾಗಿದರೆ ಬ್ರೇಕ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಸ್ವಚ್ಛ ಬಟ್ಟೆಯಿಂದ ಒರೆಸಿ, ಗಾಡಿಯನ್ನು ನಿಧಾನವಾಗಿ ಓಡಿಸಿ ಬ್ರೇಕ್ ಹಿಡಿಯುತ್ತದೆಯೇ ನೋಡಿದ ಮೇಲೆಯೇ ರಸ್ತೆಗಿಳಿಯಬೇಕು. ತಂತಿ ಕಡ್ಡಿಗಳ ಗಾಲಿಗೆ ಆಸಿಡ್ ಯಾವತ್ತೂ ಬೇಡ, ಕಡ್ಡಿಯ ತುದಿಯ ನಿಪ್ಪಲ್ಲುಗಳಲ್ಲಿ ಉಳಿದು ಒಳಗೇ ತಿನ್ನುತ್ತದೆ. ಬೇರಿಂಗ್ ಸೀಲಿಗೆ ನೇರವಾಗಿ ಪ್ರೆಶರ್ ಧಾರೆ ಬೀಳದಿರಲಿ.

ಮತ್ತೆ ಅಂಟದ ಹಾಗೆ

ಪೂರ್ತಿ ಸ್ವಚ್ಛವಾದ, ಒಣಗಿದ ಗಾಲಿಗೆ ವೀಲ್ ವ್ಯಾಕ್ಸ್ ಹಚ್ಚಿದರೆ ಕೆಲವು ವಾರಗಳಿಂದ ಎರಡು ಮೂರು ತಿಂಗಳವರೆಗೆ ಪುಡಿ ಬೇರೂರುವುದಿಲ್ಲ, ನೀರು ಶಾಂಪೂವಿಗೇ ಬಿಟ್ಟುಕೊಡುತ್ತದೆ. ಸೆರಾಮಿಕ್ ಕೋಟಿಂಗ್ ಹೆಚ್ಚು ಕಾಲ ಬಾಳುತ್ತದೆ. ಹಚ್ಚಿದ ಮೇಲೆ 12ರಿಂದ 24 ಗಂಟೆ ನೀರು ತಾಗಬಾರದು, ಅಡಿಯಲ್ಲಿ ಒಂದು ಚುಕ್ಕೆ ಕೊಳೆ ಉಳಿದರೂ ಅದು ಹಾಗೇ ಮುಚ್ಚಿಹೋಗುತ್ತದೆ. ಹಚ್ಚಲು ಒಳ್ಳೆಯ ಸಮಯ ಗಾಲಿ ಹೊಸದಿರುವಾಗ.

ಪ್ಯಾಡ್ ಬದಲಿಸುವ ಕಾಲ ಬಂದಾಗ ಸೆರಾಮಿಕ್ ಬಗೆಯದನ್ನು ಕೇಳುವವರಿದ್ದಾರೆ. ಅದರ ಪುಡಿ ಕಡಿಮೆ, ಬಣ್ಣವೂ ತಿಳಿ. ಲೋಹದ ನಾರು ಹೆಚ್ಚಿರುವ ಪ್ಯಾಡುಗಳು ಗಾಲಿಯನ್ನು ಬೇಗ ಕಪ್ಪು ಮಾಡುತ್ತವೆ, ಆದರೆ ಭಾರ ಹೊತ್ತು ಇಳಿಜಾರಿನಲ್ಲಿ ಇಳಿಯುವಾಗ ಕಾವು ತಡೆಯುವುದರಲ್ಲಿ ಅವುಗಳದ್ದೇ ಮೇಲುಗೈ. ಗಾಲಿಯ ಅಂದಕ್ಕಾಗಿ ವಾಹನಕ್ಕೆ ಹೊಂದದ ಪ್ಯಾಡ್ ಹಾಕಿಸುವುದು ಸರಿಯಲ್ಲ.

ಈ ಪುಡಿಯನ್ನು ಕಾನೂನುಗಳೂ ಈಗ ಗಮನಿಸುತ್ತಿವೆ. ಪ್ಯಾಡಿನ ತಾಮ್ರ ಹೊಳೆಗಳಿಗೆ ಸೇರಿ ಮೀನುಗಳಿಗೆ ಕೇಡಾಗುತ್ತದೆ ಎಂದು ಕ್ಯಾಲಿಫೋರ್ನಿಯಾ 2010ರಲ್ಲಿ ಕಾನೂನು ಮಾಡಿತು. 2021ರಿಂದ ಹೊಸ ಪ್ಯಾಡುಗಳಲ್ಲಿ ತಾಮ್ರ ಶೇಕಡಾ 5ನ್ನು, 2025ರಿಂದ ಶೇಕಡಾ 0.5ನ್ನು ಮೀರುವಂತಿಲ್ಲ. ಯುರೋಪಿನ ಯೂರೋ 7 ನಿಯಮ ಹೊಗೆಯ ಜೊತೆಗೆ ಬ್ರೇಕಿನ ಪುಡಿಗೂ ಮಿತಿ ಹಾಕಿದೆ: ಹೆಚ್ಚಿನ ಕಾರುಗಳಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಬರೀ ಬ್ಯಾಟರಿಯಲ್ಲಿ ಓಡುವವಕ್ಕೆ 3 ಮಿಲಿಗ್ರಾಂ. ಹಾಗಿರುವಾಗ ಗಾಲಿ ತೊಳೆದ ಕರಿನೀರನ್ನು ಕೆರೆಗೋ ಬಾವಿಗೋ ಹರಿಯುವ ಮಳೆನೀರಿನ ಚರಂಡಿಗೆ ಬಿಡದೆ, ಒಳಚರಂಡಿಗೆ ಸೇರುವ ಕಡೆ ತೊಳೆಯುವುದು ನಮ್ಮ ಕೈಲಾಗುವ ಕೆಲಸ. ಎಲೆಕ್ಟ್ರಿಕ್ ಕಾರುಗಳಲ್ಲಿ ಮೋಟಾರೇ ವೇಗ ತಗ್ಗಿಸುವುದರಿಂದ ಗಾಲಿ ತಿಂಗಳುಗಟ್ಟಲೆ ಸ್ವಚ್ಛವಾಗಿರುತ್ತದೆ. ಆದರೆ ಬಳಕೆಯಿಲ್ಲದೆ ಡಿಸ್ಕ್ ತುಕ್ಕು ಹಿಡಿಯುತ್ತದೆ, ತೊಳೆದ ಮೇಲೆ ಬ್ರೇಕನ್ನು ಒಣಗಿಸುವುದು ಅವುಗಳಿಗೆ ಇನ್ನೂ ಮುಖ್ಯ.

ತೊಳೆದು ಮುಗಿಸಿದ ಮೇಲೆ

ಬಟ್ಟೆಯಲ್ಲಿ ಒರೆಸಿ, ನಟ್ಟಿನ ಗುಳಿಗಳ ನೀರು ತೆಗೆದು, ಹಾಗೇ ನಿಲ್ಲಿಸಿಬಿಡಬೇಡಿ. ಒದ್ದೆ ಡಿಸ್ಕ್ ಕೆಲವೇ ಗಂಟೆಗಳಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದಿದ್ದರೆ ಪ್ಯಾಡು ಡಿಸ್ಕಿಗೆ ಅಂಟಿ, ಬೆಳಿಗ್ಗೆ ಹೊರಡುವಾಗ ಟಕ್ ಎಂದು ಬಿಟ್ಟುಕೊಳ್ಳುತ್ತದೆ. ಕೆಲವು ನೂರು ಮೀಟರ್ ಮೆಲ್ಲಗೆ ಓಡಿಸಿ, ಏಳೆಂಟು ಸಲ ಬ್ರೇಕನ್ನು ಹಗುರವಾಗಿ ಒತ್ತಿ ಬಿಡಿ. ಮೊದಲ ಒಂದೆರಡು ಸಲ ಒದ್ದೆಗೆ ಬ್ರೇಕ್ ಹಿಡಿಯುವುದು ತಡವಾಗಬಹುದು, ಮುಂದೆ ಖಾಲಿ ಜಾಗ ಇಟ್ಟುಕೊಂಡಿರಿ. ಈ ಓಟದಲ್ಲಿ ಡಿಸ್ಕಿನಿಂದ ತುಕ್ಕಿನ ನೀರು ಸಿಡಿದು, ಈಗತಾನೇ ತೊಳೆದ ಕಡ್ಡಿಗಳ ಮೇಲೆ ಕಂದು ಗೆರೆ ಮೂಡುತ್ತದೆ. ತಂದು ನಿಲ್ಲಿಸಿದ ಮೇಲೆ ಒದ್ದೆ ಬಟ್ಟೆಯಿಂದ ಅದನ್ನು ಒಮ್ಮೆ ಒರೆಸಿ. ಆ ಹೊತ್ತಿಗೆ ಒಂದು ಕೈಯಾಡಿಕೆಗೆ ಹೋಗುವ ಆ ಗೆರೆ ಮಾರನೆಯ ದಿನ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ವ್ಯಾಕ್ಸ್ ಹಚ್ಚುವುದಿದ್ದರೂ ಇದಾದ ಮೇಲೆ, ಗಾಲಿ ಪೂರ್ತಿ ತಣ್ಣಗಾದಾಗ.